ಲೇಟು ಎಂದು ನಾನು ಓದಿದ್ದು

ಆ ಕಾಲದಲ್ಲಿ ಅರಸೀಕೆರೆಯಲ್ಲಿ ಇಂಗ್ಲಿಷ್ ಬಾರದವರು ಊರು ತುಂಬ ಇದ್ದರು, ‘ಲೇಟು’ ಬಾರದವರು ಮಾತ್ರ ಒಬ್ಬರೂ ಇರಲಿಲ್ಲ. ಜಂಕ್ಷನ್ ಸ್ಟೇಷನ್ನಿನ ಊರು. ಪೂನಾ ಕಡೆಯ ಗಾಡಿ ಲೇಟು, ಅದು ಬರುವ ತನಕ ಮೈಸೂರಿನ ಗಾಡಿ ಹೊರಡುವ ಹಾಗಿಲ್ಲವಾದ್ದರಿಂದ ಅದೂ ಲೇಟು. ಸ್ಟೇಷನ್ನಿನಿಂದ ಹೊರಟ ಆ ಮಾತು ಕೊಬ್ಬರಿ ಮಂಡಿಗಳನ್ನು ದಾಟಿಕೊಂಡು ನಮ್ಮ ಅಡುಗೆಮನೆಯವರೆಗೂ ಬಂದಿತ್ತು. ಹಾಲು ಹೆಪ್ಪಾಗದಿದ್ದರೆ ಮೊಸರು ಲೇಟು. ಹಸು ಕರು ಹಾಕುವುದು ಲೇಟು. ನಮ್ಮತ್ತೆ ಬರಿದಾದ ಆಕಾಶ ನೋಡಿ, “ಈ ಸಲ ಭರಣಿ ಮಳೆನೂ ಲೇಟು ಕಣೇ” ಅನ್ನುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಅರ್ಥ ಒಂದೇ. ಲೇಟು ಅಂದರೆ ತಡ, ತಡವಾದದ್ದು ಬಂದೇ ಬರುತ್ತದೆ.

ಈಗ ನನ್ನ ಹತ್ತಿರ ದಿಂಬಿನಷ್ಟು ದಪ್ಪದ ನಿಘಂಟು ಇದೆ. ಆ ಪದಕ್ಕೆ ಎಷ್ಟು ಅರ್ಥಗಳಿವೆ, ಅದು ಎಲ್ಲಿ ಹುಟ್ಟಿತು ಅನ್ನುವುದೆಲ್ಲ ಬಾಯಿಪಾಠ. ಯಾರಾದರೂ ಕೇಳಿದರೆ ಹೇಳಬಲ್ಲೆ, ಆದರೆ ಯಾರೂ ಕೇಳುವುದಿಲ್ಲ. ಕೇಳಬೇಕಾಗಿದ್ದ ದಿನ ಕೇಳಿದವಳಿಗೆ ನಾನು ತಪ್ಪು ಹೇಳಿದೆ.

ನನ್ನ ತವರು ಹಳೇಬೀಡು. ಅಪ್ಪನದು ಸಣ್ಣ ಅಂಗಡಿ. ಸೋದರಮಾವನ ಮನೆ ಬೇಲೂರಿನಲ್ಲಿದ್ದುದರಿಂದ ನನ್ನನ್ನು ಅಲ್ಲಿಟ್ಟು ಲೋಯರ್ ಸೆಕೆಂಡರಿ ಓದಿಸಿದರು. ನಮ್ಮ ಜನರಲ್ಲಿ ಹೆಣ್ಣುಮಕ್ಕಳು ಅಷ್ಟು ಓದುವುದೇ ಹೆಚ್ಚು. ಇಂಗ್ಲಿಷ್ ಮೇಷ್ಟರು ಬಾಗಿಲ ಬಳಿ ಬೆತ್ತ ಹಿಡಿದು ನಿಂತಿರುತ್ತಿದ್ದರು. ಗಂಟೆ ಹೊಡೆದ ಮೇಲೆ ಬಂದವರು “ಐ ಆಮ್ ಲೇಟ್ ಸಾರ್” ಎಂದು ತಾವೇ ಒಪ್ಪಿಕೊಂಡು ಕೈ ಚಾಚಬೇಕು. ಆ ಪದವನ್ನು ನಾನು ಕಲಿತದ್ದು ಅಂಗೈಯಲ್ಲಿ. ಹಾಗೆ ಕಲಿತದ್ದರಲ್ಲಿ ಅನುಮಾನ ಪಡುವುದುಂಟೇ?

ಮದುವೆಯಾಗಿ ಅರಸೀಕೆರೆಗೆ ಬಂದೆ. ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ವಿಧವೆ ಅತ್ತೆ, ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರು, ಅವರ ಒಬ್ಬನೇ ತಮ್ಮ ನನ್ನ ಮೈದುನ. ಅತ್ತೆ ನನ್ನನ್ನು ಬಂದವರಿಗೆಲ್ಲ “ಇವ್ಳು ಇಂಗ್ಲೀಷ್ ಓದ್ತಾಳೆ” ಎಂದು ತೋರಿಸುವರು. ಬೆಂಕಿಪೊಟ್ಟಣದ ಮೇಲಿನದು, ಸೋಪಿನ ಕಾಗದದ ಮೇಲಿನದು, ಎಲ್ಲ ಓದಿಸುವರು. ನಾನೂ ಗತ್ತಿನಿಂದ ಓದುತ್ತಿದ್ದೆ. ಗೊತ್ತಿಲ್ಲದ ಪದ ಬಂದರೆ ಸ್ವಲ್ಪ ಜೋರಾಗಿ ಓದಿ ಮುಂದೆ ಹೋಗುತ್ತಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಆ ಮಾತಿಗೆ ನಾನೇ ಸಾಕ್ಷಿ.

ಮೈದುನನಿಗೆ ಕೊಬ್ಬರಿಯ ವಾಸನೆ ಆಗುತ್ತಿರಲಿಲ್ಲ. ಅವನ ಪ್ರಾಣವೆಲ್ಲ ಇಂಜಿನ್ನಿನಲ್ಲಿ. ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿ ಸೇರಿ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ. ಸಂಜೆ ಮನೆಗೆ ಬಂದರೆ ಕಣ್ಣು ಹಲ್ಲು ಮಾತ್ರ ಬೆಳ್ಳಗೆ. ಯುದ್ಧ ಶುರುವಾಗಿ, ಬರ್ಮಾ ಗಡಿಯ ಕಡೆ ಮಿಲಿಟರಿ ರೈಲು ಓಡಿಸಲು ಜನ ಬೇಕೆಂದು ಬಂದಾಗ ಹೆಸರು ಕೊಟ್ಟುಬಿಟ್ಟ. ಅತ್ತೆ ಮೂರು ದಿನ ಊಟ ಬಿಟ್ಟರು. ಅವನು ನಗುತ್ತಾ, “ಅವ್ವಾ, ನಾನು ಬಂದೂಕ ಹಿಡಿಯಾಕೆ ಹೋಯ್ತಿಲ್ಲ, ಸನಿಕೆ ಹಿಡಿಯಾಕೆ ಹೋಯ್ತಾ ಇವ್ನಿ” ಅಂದ. ಹೊರಡುವ ದಿನ ನನಗೆ, “ಅತ್ತಿಗೆ, ಕಾಗ್ದ ಬಂದ್ರೆ ನೀವೇ ಓದಿ ಅವ್ವಂಗೆ ಹೇಳ್ಬೇಕು” ಅಂದ.

ಅವನಿಗಾಗಿ ಅತ್ತೆ ಒಂದು ಹೆಣ್ಣು ನೋಡಿಟ್ಟಿದ್ದರು. ಹತ್ತಿರದ ಗಂಡಸಿ ಊರಿನವಳು, ದೂರದ ನೆಂಟರ ಮಗಳು. ಹುಡುಗಿಯ ತಾಯಿ ಗಟ್ಟಿ ಹೆಂಗಸು. ಯುದ್ಧಕ್ಕೆ ಹೋದ ಗಂಡಿಗೆ ಹೂ ಮುಡಿಸಲು ಒಪ್ಪಲಿಲ್ಲ. “ಬತ್ತೀನಿ ಅಂತ ಅವ್ನಿಂದ ಒಂದು ಸುದ್ದಿ ಬರ್ಲಿ, ಆಮ್ಯಾಲೆ ಶಾಸ್ತ್ರ ಮಾಡಾನ” ಅಂದುಬಿಟ್ಟರು. ಹಾಗಾಗಿ ನಮ್ಮ ಮನೆಯವರು ಮತ್ತು ಗಂಡಸಿಯವರು, ಎರಡೂ ಕಡೆಯವರು ಅಂಚೆಯವನ ದಾರಿ ಕಾಯುತ್ತಿದ್ದರು.

ಮೊದಲು ಕಾರ್ಡುಗಳು ಬಂದವು, ಅವನೇ ಕನ್ನಡದಲ್ಲಿ ಬರೆದವು. ಆಮೇಲೆ ನಾಲ್ಕೈದು ತಿಂಗಳು ಏನೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಉದ್ದನೆಯ ಲಕೋಟೆ ಬಂತು. ಒಳಗೆ ಟೈಪು ಮಾಡಿದ ನಾಲ್ಕು ಸಾಲು ಇಂಗ್ಲಿಷ್.

ಅತ್ತೆ ಕೈ ಒರೆಸಿಕೊಂಡು ಬಂದು ನನ್ನೆದುರು ಕೂತರು. ಯಜಮಾನರು ಮಂಡಿಯಿಂದ ಬಂದು ಬಾಗಿಲಲ್ಲಿ ನಿಂತರು. ನಾನು ಓದಿದೆ. ‘ನಮ್ಮ ಹಿಂದಿನ ಪತ್ರ’ ಅನ್ನುವುದು ತಿಳಿಯಿತು, ಅಂಥ ಪತ್ರ ನಮಗೆ ಬಂದಿರಲಿಲ್ಲ. ‘ಎಫೆಕ್ಟ್ಸ್’ ಅಂದರೇನೋ ತಿಳಿಯಲಿಲ್ಲ. ‘ದಿ ಲೇಟ್’ ಅಂತ ಇತ್ತು, ಅದರ ಪಕ್ಕದಲ್ಲೇ ಮೈದುನನ ಹೆಸರು. ‘ಫಾರ್ವರ್ಡ್’ ಗೊತ್ತಿತ್ತು, ಮುಂದೆ. ಕೊನೆಗೆ ‘ಬಾಕ್ಸ್’ ಅಂತಲೂ ಇತ್ತು. ನಾನು ಎಲ್ಲವನ್ನೂ ಜೋಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ:

“ಅವ್ನು ಲೇಟಾಗಿ ಬರ್ತಾನಂತೆ ಅತ್ತೆ. ಪೆಟ್ಟಿಗೆ ಮಾತ್ರ ಮುಂಚೆ ಕಳಿಸ್ತಾರಂತೆ.”

ಅತ್ತೆ ಅಲ್ಲೇ ನೆಲಕ್ಕೆ ಹಣೆ ಹಚ್ಚಿದರು. ಯಜಮಾನರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಸ್ಟೇಷನ್ ಮಾಸ್ತರಿಗೆ ಒಂದ್ಸಲ ತೋರಿಸ್ಕೊಂಡು ಬರ್ಲಾ?” ಅಂದರು. ಪಾಪ, ಅವರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ನನಗೆ ಎಲ್ಲಿಲ್ಲದ ಕೋಪ ಬಂತು.

“ನಾನು ಓದಿದ್ದು ನಂಬ್ಕೆ ಇಲ್ವಾ? ಹಂಗಿದ್ರೆ ಓದಿದ ಹುಡ್ಗಿನ ಯಾಕೆ ತಂದ್ಕೊಂಡ್ರಿ? ಇನ್ಮೇಲೆ ಎಲ್ಲಾ ಸ್ಟೇಷನ್ ಮಾಸ್ತರ ಹತ್ರಾನೇ ಓದಿಸ್ಕೊಳ್ಳಿ!”

ಅತ್ತೆಯೂ ನನ್ನ ಪಕ್ಷ ಹಿಡಿದರು. “ಸುಮ್ಕಿರ್ಲಾ, ಇವ್ಳು ಓದಿಲ್ವಾ? ಲೇಟು ಅಂದ್ರೆ ನಂಗೇ ಗೊತ್ತೈತೆ.” ಯಜಮಾನರು ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಸ್ಟೇಷನ್ನು ನಮ್ಮ ಹಿತ್ತಲ ಬಾಗಿಲಿನಿಂದ ಇನ್ನೂರು ಹೆಜ್ಜೆ.

ಹದಿನೈದು ದಿನದೊಳಗೆ ಗಂಡಸಿಯಲ್ಲಿ ಹೂ ಮುಡಿಸುವ ಶಾಸ್ತ್ರ ಆಯಿತು. ಗಂಡಿನ ಬದಲು ಅವನ ಪಟ ಇಟ್ಟಿದ್ದೆವು. ಮಠದ ಅಯ್ಯನವರು ಬಂದು ವಿಭೂತಿ ಕೊಟ್ಟರು, ಎಲೆ ಅಡಿಕೆ ಬದಲಾಯಿಸಿದ್ದಾಯಿತು. ಹುಡುಗಿಗೆ ಹದಿನಾರೋ ಹದಿನೇಳೋ. ತೆಳ್ಳಗೆ, ನೆಟ್ಟ ನೋಟದವಳು. ನಾನು ಒಳಗೆ ಅವಳ ಜಡೆಗೆ ಮಲ್ಲಿಗೆ ಸುತ್ತುತ್ತಿದ್ದಾಗ ತಲೆ ಎತ್ತದೆ ಕೇಳಿದಳು:

“ಅಕ್ಕ, ಲೇಟು ಅಂದ್ರೆ ಎಷ್ಟು ದಿವ್ಸ?”

ನಾನು ನಕ್ಕುಬಿಟ್ಟೆ. “ಅಬ್ಬಾ, ಏನು ಆತ್ರ ಕಣೇ ನಿಂಗೆ! ಗಾಡಿ ಲೇಟಾದ್ರೆ ಬರ್ದೆ ಇರ್ತದಾ? ಬಂದೇ ಬರ್ತದೆ.” ಅವಳೂ ನಕ್ಕಳು. ಆ ನಗು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಮುಂದಿನ ತಿಂಗಳು ನಾನು ತವರಿಗೆ ಹೋದೆ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಣ್ಣಂದಿರು ಮನೆ ಜಮೀನು ಪಾಲು ಮಾಡಿಕೊಳ್ಳುವಾಗ ನನ್ನದೊಂದು ರುಜು ಬೇಕಾಗಿತ್ತು. ಹಳೇಬೀಡಿನಿಂದ ಎಲ್ಲರೂ ಬೇಲೂರಿನ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುತ್ತಿದ್ದ ಕಾಲ ಅದು. ಬಸ್ಸಿನಲ್ಲೂ ಲೇಟು ಲೇಟು ಅಂತ ನಗಾಡಿಕೊಂಡೇ ಹೋದೆವು.

ಕಚೇರಿಯ ಗುಮಾಸ್ತರು ಪತ್ರವನ್ನು ಜೋರಾಗಿ ಓದತೊಡಗಿದರು. ಕಾಗದವೆಲ್ಲ ಕನ್ನಡವೇ, ನಡುನಡುವೆ ಇಂಥವರ ಮಗ ಅನ್ನುವುದಕ್ಕೆ ‘ಬಿನ್’, ಹೆಂಡತಿ ಅನ್ನುವುದಕ್ಕೆ ‘ಕೋಂ’ ಎಂಬ ಕಂದಾಯದವರ ಮಾತು. ಅಣ್ಣನ ಹೆಸರು ಓದಿ, “ಬಿನ್ ಲೇಟ್” ಎಂದು ಅಪ್ಪನ ಹೆಸರು ಓದಿದರು. ಎರಡನೆಯ ಅಣ್ಣನಿಗೂ ಬಿನ್ ಲೇಟ್. ನನಗೆ ಬಾಯಿ ತಡೆಯಲಿಲ್ಲ.

“ನಮ್ಮಪ್ಪ ಯಾವತ್ತು ಸ್ವಾಮಿ ಲೇಟಾಗಿದ್ರು? ಕೋಳಿ ಕೂಗೋ ಮುಂಚೆ ಅಂಗಡಿ ಬಾಗ್ಲು ತೆಗಿತಿದ್ರು!”

ಕಚೇರಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಲೇಟ್ ಅಂದ್ರೆ ತೀರಿಹೋದೋರು ಅಂತ ಕಣಮ್ಮ. ಸತ್ತೋರ ಹೆಸರಿನ ಹಿಂದೆ ಹಂಗೆ ಬರೀತಾರೆ. ಹೆಸರಿನ ಹಿಂದೆ ಬಂದ್ರೆ ಬೇರೆ ಅರ್ಥ ಇಲ್ಲ” ಅಂದರು. ಮುಂದಕ್ಕೆ ಓದಿದರು. ನನ್ನ ಹೆಸರೂ ಬಂತು.

ಹೆಸರಿನ ಹಿಂದೆ ಬಂದರೆ. ನನ್ನ ಕಣ್ಣ ಮುಂದೆ ಆ ಟೈಪಿನ ಸಾಲು ಬಂದು ನಿಂತಿತು. ‘ದಿ ಲೇಟ್’, ಅದರ ಪಕ್ಕದಲ್ಲೇ ಮೈದುನನ ಹೆಸರು. ಹೆಬ್ಬೆಟ್ಟು ಒತ್ತುವವರು ನೋಡಿ ಹೊಟ್ಟೆಕಿಚ್ಚು ಪಡುವ ಹಾಗೆ ರುಜು ಹಾಕುತ್ತಿದ್ದವಳು ಅವತ್ತು ಅಕ್ಷರ ಬಿಟ್ಟು ರುಜು ಹಾಕಿದೆ. ಅಣ್ಣಂದಿರು ಅಪ್ಪನ ನೆನಪಾಯಿತೇನೋ ಅಂದುಕೊಂಡರು.

ಮಾರನೆಯ ದಿನವೇ ಅರಸೀಕೆರೆಗೆ ಹೊರಟೆ. ಮನೆಗೆ ಹೋದವಳೇ ಹೇಳಿಬಿಡಬೇಕು, ಕಾಲು ಹಿಡಿದಾದರೂ ಹೇಳಿಬಿಡಬೇಕು ಅಂದುಕೊಂಡು ದಾರಿಯುದ್ದಕ್ಕೂ ಮಾತು ಕೂಡಿಸಿದೆ. ಬೀದಿಗೆ ತಿರುಗುವಾಗಲೇ ಅಳು ಕೇಳಿಸಿತು.

ಪೆಟ್ಟಿಗೆ ಬಂದಿತ್ತು. ತಗಡಿನ ಪೆಟ್ಟಿಗೆ, ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ, ಕಾಗದದ ಆ ‘ಎಫೆಕ್ಟ್ಸ್’ ಅಂದರೆ ಅವನ ಸಾಮಾನು: ಎರಡು ಅಂಗಿ, ಕ್ಷೌರದ ಕತ್ತಿ, ನಾವು ಬರೆದ ಕಾಗದಗಳು. ಅವುಗಳ ಮೇಲೆ ಶಿವದಾರ ಸುತ್ತಿದ ಬೆಳ್ಳಿಯ ಕರಡಿಗೆ, ಅದರೊಳಗೆ ಅವನ ಲಿಂಗ. ನಮ್ಮವರಲ್ಲಿ ಮೈಮೇಲಿನ ಲಿಂಗ ಉಸಿರಿರುವ ತನಕ ಮೈಬಿಟ್ಟು ಹೋಗುವುದಿಲ್ಲ, ಉಸಿರು ಹೋದ ಮೇಲೂ ಮಣ್ಣಿಗೆ ಜೊತೆಯಲ್ಲೇ ಹೋಗುತ್ತದೆ. ಪೆಟ್ಟಿಗೆ ಕಟ್ಟಿದ ಯಾರೋ ಪರದೇಶಿಗೆ ಅದು ಗೊತ್ತಿರಲಿಲ್ಲ, ಒಡವೆ ಅಂದುಕೊಂಡು ಜೋಪಾನವಾಗಿ ಇಟ್ಟಿದ್ದ. ಒಂದಕ್ಷರ ಬಾರದ ನಮ್ಮತ್ತೆ ಕರಡಿಗೆ ಕಂಡ ಕೂಡಲೇ ಎಲ್ಲವನ್ನೂ ಓದಿಕೊಂಡಿದ್ದರು. ನಾನು ತಿಂಗಳ ಹಿಂದೆ ಕೈಯಲ್ಲಿ ಹಿಡಿದುಕೊಂಡು ಓದಲಾರದ್ದನ್ನು.

ಮನೆ ತುಂಬ ಜನ. “ಮೊನ್ನೆ ಮೊನ್ನೆ ಹೂ ಮುಡಿಸಿದ್ರು, ಈಗ ನೋಡು” ಅಂದಳು ಒಬ್ಬಳು. ಇನ್ನೊಬ್ಬಳು ಅದನ್ನೇ ಬೆಳೆಸಿದಳು. ಅತ್ತೆ ಎದೆ ಬಡಿದುಕೊಳ್ಳುತ್ತಾ ಕೂಗಿದರು:

“ಅವ್ಳ ಕಾಲ್ಗುಣ ಕಣ್ರೇ! ಹೊಸ್ಲು ತುಳಿಯೋಕೆ ಮುಂಚೆನೇ ನನ್ನ ಮಗನ್ನ ನುಂಗ್ಬಿಟ್ಲು!”

ಆಗ ನಾನು ಬಾಯಿ ತೆಗೆಯಬೇಕಾಗಿತ್ತು. ಹುಡುಗಿಗೆ ಹೂ ಮುಡಿಸುವ ಎಷ್ಟೋ ಮುಂಚೆ ಅವನು ಸತ್ತಿದ್ದ, ಅದಕ್ಕೆ ನನ್ನ ಪೆಟ್ಟಿಗೆಯ ತಳದಲ್ಲಿ ತಾರೀಖು ಸಮೇತ ಸಾಕ್ಷಿ ಇತ್ತು. ಕಾಗದ ತಂದು ಹರಡಿ, ನಾನೇ ತಪ್ಪು ಓದಿದೆ, ಆ ಕೂಸಿಗೂ ಇವನ ಸಾವಿಗೂ ಸಂಬಂಧವಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಹೆದರಿದೆ. ಅದಕ್ಕೆ ಬೇರೆ ಬಣ್ಣ ಬಳಿಯುವುದು ಬೇಡ. ಓದಿದ ಸೊಸೆ ಅನ್ನುವ ಹೆಸರೊಂದೇ ಆ ಮನೆಯಲ್ಲಿ ನನಗಿದ್ದ ಆಸ್ತಿ, ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ ಇನ್ನೊಬ್ಬಳ ಹೆಸರನ್ನು ಕಳೆದೆ. ಯಜಮಾನರು ಒಂದು ಸಲ ಮೆಲ್ಲಗೆ, “ಆ ಕಾಗ್ದದಲ್ಲಿ ಬೇರೆ ಏನೂ ಇರ್ಲಿಲ್ವಾ?” ಎಂದು ಕೇಳಿದರು. “ಇಲ್ಲ” ಅಂದೆ.

ಅತ್ತೆಯ ಮಾತು ಗಂಡಸಿ ಮುಟ್ಟಲು ಒಂದು ಸಂತೆ ದಿನ ಸಾಕಾಯಿತು. ಎರಡು ತಿಂಗಳು ಒಳಗೇ ಬೆಂದೆ. ಕೊನೆಗೆ ಒಂದು ದಿನ ಉಣ್ಣುತ್ತಿದ್ದ ಯಜಮಾನರ ಮುಂದೆ ಕಾಗದ ಇಟ್ಟು ಎಲ್ಲ ಹೇಳಿದೆ. ಅವರು ಅರ್ಧಕ್ಕೇ ಕೈ ತೊಳೆದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಗಂಡಸಿಗೆ ಹೋದರು, ಹೊತ್ತು ಇಳಿಯುವುದರೊಳಗೆ ವಾಪಸು ಬಂದರು.

“ಹತ್ತು ದಿವ್ಸದ ಹಿಂದೆ ತಿಪಟೂರಿನ ಕಡೆ ಕೊಟ್ಬಿಟ್ರಂತೆ. ಎರಡ್ನೇ ಸಂಬಂಧ. ನನ್ಗಿಂತ ದೊಡ್ಡೋನಂತೆ, ಮೂರು ಮಕ್ಳಂತೆ.”

“ನೀವು ವಿಷ್ಯ ಹೇಳಿದ್ರಾ?”

“ಏನಂತ ಹೇಳ್ಲಿ? ಕೊಟ್ಟಾದ ಮೇಲೆ ಹೇಳಿ ಅವ್ರ ಹೊಟ್ಟೆ ಉರಿಸ್ಲಾ?” ಎಂದು ಕಾಗದವನ್ನು ನನ್ನ ಮುಂದೆ ಎಸೆದರು. ಅತ್ತೆಗೂ ಹೇಳುವುದು ಬೇಡ ಅಂದರು. ನಾನು ಅದಕ್ಕೂ ಒಪ್ಪಿದೆ. ಅತ್ತೆ ಆ ಹುಡುಗಿಯನ್ನು ಬೈಯುತ್ತಲೇ ಕಣ್ಣು ಮುಚ್ಚಿದರು.

ಯುದ್ಧ ಮುಗಿಯಿತು. ಹೈಸ್ಕೂಲಿನ ಮೇಷ್ಟರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಹಳೆಯ ನಿಘಂಟನ್ನು ಬೇಡಿ ತಂದೆ. ತೆಗೆದ ಮೊದಲ ಪುಟವೇ ಅದು. ತಡವಾದ ಅನ್ನುವುದು ಒಂದು ಅರ್ಥ. ಮಾಜಿ, ಹಿಂದಿನ ಅನ್ನುವುದು ಇನ್ನೊಂದು. ಆ ಲೆಕ್ಕಕ್ಕೆ ನಮ್ಮ ಹಳೇಬೀಡು ಊರಿಗೆ ಊರೇ ಲೇಟು. ಇತ್ತೀಚಿನ ಅನ್ನುವುದು ಮತ್ತೊಂದು, ಮೊನ್ನೆ ಮೊನ್ನೆ ತನಕ ಇದ್ದವನು ಅನ್ನುವುದರಿಂದಲೇ ಸತ್ತವನು ಅನ್ನುವ ಅರ್ಥ ಹುಟ್ಟಿತಂತೆ. ನಮ್ಮ ಹೆಂಗಸರು ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದೂ ಅದನ್ನೇ ಅಲ್ಲವೇ. ಇನ್ನೂ ಹಿಂದಕ್ಕೆ ಹೋದರೆ ಆ ಪದಕ್ಕೆ ಹೊತ್ತಿನ ಸಂಬಂಧವೇ ಇಲ್ಲ. ನಿಧಾನದವನು, ಮಂದಗತಿಯವನು ಎಂದಷ್ಟೇ ಅರ್ಥ. ಅದರ ಬೇರು ಸಡಿಲ ಬಿಡುವುದು, ಕೈಬಿಡುವುದು. ಲ್ಯಾಟಿನ್ನಿನಲ್ಲಿ ದಣಿದವನು ಅನ್ನುವ ಮಾತು ಇದಕ್ಕೆ ದಾಯಾದಿ.

ಓದಿ ನನಗೆ ಸಿಟ್ಟು ಬಂತು. ಇಷ್ಟು ಅರ್ಥ ಹೊಟ್ಟೆಯಲ್ಲಿಟ್ಟುಕೊಂಡ ಪದವನ್ನು ಬೆತ್ತ ತೋರಿಸಿ ಒಂದೇ ಅರ್ಥಕ್ಕೆ ಕಟ್ಟಿಹಾಕಿದ್ದರಲ್ಲ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ನಮ್ಮದೇ ಭಾಷೆಯಲ್ಲಿ ಸತ್ತವರನ್ನು ‘ಕಾಲವಾದರು’ ಅನ್ನುತ್ತೇವೆ. ಮನುಷ್ಯ ಸತ್ತು ಕಾಲವಾಗಬಹುದಾದರೆ, ಇಂಗ್ಲಿಷಿನವನು ಸತ್ತು ತಡವಾಗಬಾರದೇ? ಒಂದು ಗಳಿಗೆ ಯೋಚಿಸಿದ್ದರೆ ಹೊಳೆಯುತ್ತಿತ್ತೇನೋ. ಇನ್ನೂರು ಹೆಜ್ಜೆ ನಡೆದಿದ್ದರಂತೂ ಯೋಚಿಸುವುದೂ ಬೇಕಿರಲಿಲ್ಲ.

ಅದಾಗಿ ಒಂದೆರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ನೆಂಟರನ್ನು ಗಾಡಿ ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದೆ. ಅವರನ್ನು ಕಳಿಸಿ ತಿರುಗಿದರೆ ಬೇವಿನ ಮರದಡಿಯ ಬೆಂಚಿನ ಮೇಲೆ ಅವಳು. ಮೊದಲು ಗುರುತು ಹತ್ತಲಿಲ್ಲ. ನೆಟ್ಟ ನೋಟ ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಎದೆಯುದ್ದದ ಎರಡು ಹೆಣ್ಣುಮಕ್ಕಳು, ಇವಳು ಹೆತ್ತ ಮಕ್ಕಳಲ್ಲ. ಅವಳೇ ಎದ್ದು ನಿಂತಳು.

“ಚೆಂದಾಗಿದೀರಾ ಅಕ್ಕ? ನಿಮ್ ಮುಂದೆ ನಿಂತ್ಕಳಾಕೂ ಭಯ ಆಯ್ತದೆ. ನಿಮ್ ಮನೆಗೆ ನನ್ನಿಂದ ಹಂಗಾಯ್ತಲ್ಲ.”

ಅವಳ ತಿಪಟೂರಿನ ಗಾಡಿ ಒಂದು ಗಂಟೆ ಲೇಟು ಎಂದು ಹಲಗೆಯ ಮೇಲೆ ಬರೆದಿದ್ದರು. ನಾನು ಅವಳನ್ನು ಅಲ್ಲೇ ಕೂರಲು ಹೇಳಿ ಮನೆಗೆ ಓಡಿದೆ. ಮನೆತನಸ್ಥರ ಸೊಸೆ ಬೀದಿಯಲ್ಲಿ ಓಡುವುದನ್ನು ಜನ ನಿಂತು ನೋಡಿದರು. ಪೆಟ್ಟಿಗೆಯ ತಳದಿಂದ ಕಾಗದ ತೆಗೆದುಕೊಂಡು ಬಂದು, ಅವಳ ಪಕ್ಕ ಕೂತು, ಏನನ್ನೂ ಮುಚ್ಚಿಡದೆ ಹೇಳಿದೆ. ಅವಳಿಗೆ ಹೂ ಮುಡಿಸುವ ಮುಂಚೆಯೇ ಅವನು ಸತ್ತಿದ್ದ ಅನ್ನುವುದು, ನಾನು ಏನು ಓದಿದ್ದೆ ಅನ್ನುವುದು, ನನಗೆ ತಿಳಿದ ಮೇಲೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಅನ್ನುವುದು.

ಅವಳು ಅಳಲಿಲ್ಲ. ಹಳಿಗಳ ಕಡೆ ಮುಖ ತಿರುಗಿಸಿದಳು.

“ನಮ್ಮವ್ವ ಹೋದ್ ವರ್ಷ ಸತ್ಲು” ಅಂದಳು. “ಸಾಯೋ ತನ್ಕ ನನ್ನ ಕೈಲಿ ನೀರು ಕುಡೀಲಿಲ್ಲ. ನಾನೂ ನಂಬಿದ್ದೆ ಅಕ್ಕ. ಯಾರಾದ್ರೂ ಕಾಯ್ಲೆ ಬಿದ್ರೆ ಅವ್ರ ಹತ್ರ ಹೋಯ್ತಿರ್ಲಿಲ್ಲ. ಈ ಮಕ್ಳಿಗೆ ಜ್ವರ ಬಂದ್ರೂ ದೂರದಾಗೇ ನಿಲ್ತಿದ್ದೆ.”

ಅವಳು ಕೈ ಚಾಚಿ ಕಾಗದ ಇಸಿದುಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಇದ್ರಾಗೆ ಅದು ಎಲ್ಲೈತೆ?”

ನಾನು ಬೆರಳಿಟ್ಟು ತೋರಿಸಿದೆ. ನಾಲ್ಕು ಅಕ್ಷರ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು.

“ಇಷ್ಟೇನಾ?” ಅಂದಳು.

ಗಾಡಿ ಬಂತು. ಹೆಣ್ಣುಮಕ್ಕಳನ್ನು ಹತ್ತಿಸಲು ಕೈ ಕೊಡಬೇಕಾಯಿತು. ಚಿಕ್ಕವಳ ಕೈ ಹಿಡಿಯುವ ಮುನ್ನ ಅವಳು ಒಂದು ಸಲ ತನ್ನ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನಾನು ವಾಪಸು ಕೇಳಲಿಲ್ಲ.